ಆರೂವರೆ ನಿಮಿಷದ ಓಟಕ್ಕೆ ಯಾವ ಡಬ್ಬಿ?

ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆನ್ನುವ ಹುಡುಗ 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ನಾನೂರು ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡ್. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ಹೊಸಪೇಟೆ ಬಿಟ್ಟರೆ ವಿಜಯನಗರ ಜಿಲ್ಲೆ ಎಂದರೆ ಐದೇ ತಾಲ್ಲೂಕು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಮಳೆಯನ್ನೇ ನಂಬಿದ ಹೊಲ, ಮಳೆ ಕೈಕೊಟ್ಟ ವರ್ಷ ಗುಳೆ. ಇಂಥ ಸೀಮೆಯಲ್ಲಿ ಆ ನಾಲ್ಕು ಸುತ್ತಿನ ಓಟಕ್ಕೆ ಎಷ್ಟು ಬೆಲೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಸಂವಿಧಾನಕ್ಕೆ 371ಜೆ ಕಲಮು ಸೇರಿದ ಮೇಲೆ ಕಲ್ಯಾಣ ಕರ್ನಾಟಕದ ಹುಡುಗರಿಗೆಂದೇ ಹುದ್ದೆಗಳು ಮೀಸಲಾದವು. 1997ರಲ್ಲಿ ದಾವಣಗೆರೆಗೆ ಹೋದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಸೇರಿದ ಕಥೆಯಲ್ಲೂ ಆ ಕಲಮಿನ ಪಾಲಿದೆ.

ನೇಮಕಾತಿ ಪ್ರಕಟಣೆ ಹೊರಬಿದ್ದರೆ ಸಾಕು, ಊರೂರಿನ ಕಾಲೇಜು ಮೈದಾನಗಳಲ್ಲಿ ಕೋಳಿ ಕೂಗುವ ಹೊತ್ತಿಗೇ ಓಟ ಶುರು. ಮೈದಾನ ಇಲ್ಲದ ಹಳ್ಳಿಯಲ್ಲಿ ರಸ್ತೆಯೇ ಟ್ರ್ಯಾಕು, ಮೊಬೈಲೇ ಸ್ಟಾಪ್‌ವಾಚು. ಮೊದಲೆರಡು ಸುತ್ತು ಎಲ್ಲರೂ ಹುಲಿಗಳೇ. ಮೂರನೇ ಸುತ್ತಿನಲ್ಲಿ ದಮ್ಮು ಹತ್ತುತ್ತದೆ, ಪಕ್ಕೆ ಹಿಡಿಯುತ್ತದೆ. ಓಡಿ ಬಂದು ಬಗ್ಗಿ ಮೊಣಕಾಲಿನ ಮೇಲೆ ಕೈಯೂರಿ ನಿಂತವನ ತಲೆಯಲ್ಲಿ ಇರುವ ಪ್ರಶ್ನೆ ಒಂದೇ: ಏನು ತಿಂದರೆ ದಮ್ಮು ಬರುತ್ತದೆ?

ಉತ್ತರ ಮಾರುವವರಿಗೆ ಬರವಿಲ್ಲ. ತಾಲ್ಲೂಕು ಕೇಂದ್ರದ ಜಿಮ್ಮುಗಳಲ್ಲಿ, ಮೆಡಿಕಲ್ ಶಾಪಿನ ಗಾಜಿನ ಹಿಂದೆ, ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ, ತೋಳು ಉಬ್ಬಿಸಿದವನ ಚಿತ್ರವಿರುವ ಕರಿ ಡಬ್ಬಿಗಳು ಬರುತ್ತವೆ. ಒಂದು ಕಿಲೋ ಪ್ರೋಟೀನ್ ಪೌಡರಿಗೆ ಎರಡು-ಮೂರು ಸಾವಿರ. ಉದ್ಯೋಗ ಖಾತ್ರಿಯಲ್ಲಿ ವಾರವಿಡೀ ಮಣ್ಣು ಹೊತ್ತರೆ ಕೈಗೆ ಬರುವ ಹಣ ಅದು. ಅಪ್ಪ-ಅವ್ವ ಆ ದುಡ್ಡನ್ನು ಹೊಂದಿಸಿ ಕೊಡುತ್ತಾರೆ, ಮಗ ನೌಕರಿ ಹಿಡಿಯಲಿ ಎಂದು. ಹಾಗಾಗಿ ಡಬ್ಬಿಯೊಳಗಿನದು ಕೆಲಸ ಮಾಡುತ್ತದೆಯೇ ಎಂಬುದು ಇಲ್ಲಿ ಷೋಕಿಯ ಪ್ರಶ್ನೆಯಲ್ಲ.

ಮೊದಲು ಆ ಪ್ರೋಟೀನ್ ಡಬ್ಬಿಯದ್ದೇ ವಿಚಾರ ಮುಗಿಸೋಣ. ಆರೂವರೆ ನಿಮಿಷದ ಓಟದ ಬಹುಪಾಲು ಆಮ್ಲಜನಕದ ಆಟ. ಉಸಿರಿನಲ್ಲಿ ಎಳೆದದ್ದನ್ನು ರಕ್ತ ಎಷ್ಟು ಬೇಗ ಕಾಲಿಗೆ ಮುಟ್ಟಿಸುತ್ತದೆ, ಕಾಲಿನ ಸ್ನಾಯು ಅದನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಎಂಬುದೇ ಅಲ್ಲಿ ನಿರ್ಣಾಯಕ. ಪ್ರೋಟೀನ್ ಸ್ನಾಯುವಿನ ದುರಸ್ತಿಗೆ ಬೇಕು, ಒಪ್ಪಿದೆ. ಆದರೆ ಓಟದ ದಿನ ದಮ್ಮು ಕೊಡುವ ಗುಣ ಅದಕ್ಕಿಲ್ಲ. ಅದರ ಅಣ್ಣನಂತಿರುವ ‘ಮಾಸ್ ಗೇನರ್’ ಬಹುಪಾಲು ಸಕ್ಕರೆ-ಗಂಜಿಯ ಪುಡಿ, ಮೈತೂಕ ಏರಿಸಲೆಂದೇ ಮಾಡಿದ್ದು. ಓಡುವವನು ಮೂರು ಕಿಲೋ ಏರಿಸಿಕೊಂಡರೆ ಆ ಮೂರು ಕಿಲೋವನ್ನೂ ನಾಲ್ಕು ಸುತ್ತು ಹೊರಬೇಕು. ಕ್ರಿಯಾಟಿನ್ ಎಂಬುದು ನಿಜಕ್ಕೂ ಕೆಲಸ ಮಾಡುವ ವಸ್ತು. ಆದರೆ ಅದರ ಕೆಲಸ ಗುಂಡು ಎಸೆತದಂಥ, ಮತ್ತೆ ಮತ್ತೆ ಕಿರು ಓಟ ಓಡುವಂಥ ಕ್ಷಣದ ಬಲಕ್ಕೆ. ಅದೂ ಮೈಯಲ್ಲಿ ನೀರು ಹಿಡಿದಿಟ್ಟು ಒಂದೆರಡು ಕಿಲೋ ತೂಕ ಏರಿಸುತ್ತದೆ.

ಹಾಗಾದರೆ ದಮ್ಮಿಗೆ ಏನೂ ಇಲ್ಲವೇ? ಇದೆ. 2018ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕರೆಸಿದ ತಜ್ಞರು ಮಾರುಕಟ್ಟೆಯ ನೂರಾರು ಪುಡಿ-ಗುಳಿಗೆಗಳನ್ನು ಜಾಲಿಸಿ, ಆಟಗಾರನ ಸಾಮರ್ಥ್ಯವನ್ನು ನೇರವಾಗಿ ಹೆಚ್ಚಿಸುತ್ತವೆ ಎನ್ನಲು ತಕ್ಕ ಪುರಾವೆ ಇರುವುದು ಐದಕ್ಕೆ ಎಂದರು: ಕೆಫೀನ್, ಕ್ರಿಯಾಟಿನ್, ನೈಟ್ರೇಟ್, ಬೀಟಾ-ಅಲನಿನ್ ಮತ್ತು ಅಡುಗೆ ಸೋಡಾ. ಹೌದು, ಮಿರ್ಚಿ ಹಿಟ್ಟಿಗೆ ನಾವು ಚಿಟಿಕೆ ಹಾಕುವ ಅದೇ ಸೋಡಾ. ಜೋರು ಓಟದಲ್ಲಿ ಸ್ನಾಯುವಿನಲ್ಲಿ ಹುಟ್ಟುವ ಆಮ್ಲವನ್ನು ಅದು ಹದಕ್ಕೆ ತರುತ್ತದೆ. ಆದರೆ ಬೇಕಾಗುವುದು ಮೈತೂಕದ ಕಿಲೋಗೆ ಸುಮಾರು 0.3 ಗ್ರಾಂ, ಅರವತ್ತು ಕಿಲೋ ಹುಡುಗನಿಗೆ 18 ಗ್ರಾಂ. ಅಷ್ಟು ಸೋಡಾ ನುಂಗಿದವನು ಟ್ರ್ಯಾಕಿಗಿಂತ ಮೊದಲು ಚರಿಗೆ ಹುಡುಕಬೇಕಾದೀತು. ದಯವಿಟ್ಟು ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಕೆಫೀನ್ ನಮಗೆ ಚಹಾದ ರೂಪದಲ್ಲಿ ಪರಿಚಿತ. ಪ್ರಯೋಗಗಳಲ್ಲಿ ಫಲ ಕೊಟ್ಟ ಪ್ರಮಾಣ ಮೈತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ, ಓಟಕ್ಕೆ ಗಂಟೆ ಮೊದಲು. ಅರವತ್ತು ಕಿಲೋದವನಿಗೆ ಕನಿಷ್ಠ 180 ಮಿಲಿಗ್ರಾಂ. ನಮ್ಮ ಹೋಟೆಲಿನ ಸಣ್ಣ ಲೋಟದ ಚಹಾದಲ್ಲಿ ಹೆಚ್ಚೆಂದರೆ ಮೂವತ್ತು-ನಲವತ್ತು. ಗೂಡಂಗಡಿಯಲ್ಲಿ ತೂಗುಹಾಕಿದ ಎನರ್ಜಿ ಡ್ರಿಂಕಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಅಂದರೆ ಕಾಲು ಲೀಟರಿನ ಬಾಟಲಿಯಲ್ಲಿ 75. ಉಳಿದದ್ದು ಸಕ್ಕರೆ ನೀರು. ಆದರೂ ಅದನ್ನು ಕುಡಿದು ಓಡಿದವನು ‘ಇವತ್ತು ಹಾರಿಬಿಟ್ಟೆ’ ಎನ್ನುವುದು ಸುಳ್ಳಲ್ಲ. 2006ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಸೈಕಲ್ ಸವಾರರಿಗೆ ಕೆಫೀನ್ ಕೊಡುತ್ತೇವೆಂದು ಹೇಳಿ ಪ್ರತಿ ಸಲವೂ ಬರೀ ಹುಸಿ ಗುಳಿಗೆ ಕೊಟ್ಟರು. ಹೆಚ್ಚಿನ ಡೋಸ್ ನುಂಗಿದೆನೆಂದು ನಂಬಿದಾಗ ಅವರ ಬಲ ಶೇ 3ರಷ್ಟು ಏರಿತು. ಏನೂ ಇಲ್ಲದ್ದನ್ನು ನುಂಗಿದೆನೆಂದು ನಂಬಿದಾಗ ಇಳಿಯಿತು. ಗೆಳೆಯನ ಶಿಫಾರಸಿನ ಮೇಲೆ ಡಬ್ಬಿ ಕೊಳ್ಳುವವರು ಈ ಶೇ 3ನ್ನು ನೆನಪಿಡಬೇಕು. ಅದು ಬಿಟ್ಟಿ ಸಿಗುತ್ತದೆ.

ಬೀಟಾ-ಅಲನಿನ್ ತಿಂಗಳುಗಟ್ಟಲೆ ತಿನ್ನಬೇಕು, ಮೈ ಜುಮುಗುಡುತ್ತದೆ, ಲಾಭ ಅತ್ಯಲ್ಪ. ಮುಂದೆ ಹೋಗೋಣ.

ನನಗೆ ಕುತೂಹಲದ್ದಾಗಿ ಕಂಡದ್ದು ನೈಟ್ರೇಟ್. ಇದು ಬೀಟ್‌ರೂಟಿನಲ್ಲಿದೆ, ಪಾಲಕ್, ದಂಟು, ರಾಜಗಿರಿ ಸೊಪ್ಪುಗಳಲ್ಲಿ ಧಾರಾಳವಾಗಿದೆ. ತಿಂದ ನೈಟ್ರೇಟ್ ರಕ್ತಕ್ಕೆ ಸೇರಿ, ಅಲ್ಲಿಂದ ಜೊಲ್ಲಿಗೆ ಮರಳುತ್ತದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದು ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತದೆ, ಅದೇ ಕೆಲಸಕ್ಕೆ ಸ್ನಾಯು ಕಡಿಮೆ ಆಮ್ಲಜನಕ ಬಳಸುವಂತೆ ಮಾಡುತ್ತದೆ. ಘಾಟಿನ ಮೌತ್‌ವಾಶಿನಿಂದ ಬಾಯಿ ಮುಕ್ಕಳಿಸಿದರೆ ಆ ಬ್ಯಾಕ್ಟೀರಿಯಾ ಸತ್ತು ಇಡೀ ಸರಪಳಿ ಕಡಿದುಹೋಗುತ್ತದೆ. 2009ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಆ್ಯಂಡ್ರ್ಯೂ ಜೋನ್ಸ್ ತಂಡ ಎಂಟು ಜನರಿಗೆ ದಿನಕ್ಕೆ ಅರ್ಧ ಲೀಟರ್ ಬೀಟ್‌ರೂಟ್ ರಸ ಆರು ದಿನ ಕುಡಿಸಿತು. ಸುಸ್ತಾಗಿ ಬಿಡುವವರೆಗೆ ಸೈಕಲ್ ತುಳಿಯುವ ಹೊತ್ತು 583 ಸೆಕೆಂಡಿನಿಂದ 675ಕ್ಕೆ ಏರಿತು. ರಸದಲ್ಲಿ ಬೇರೇನೋ ಇದ್ದಿರಬಹುದಲ್ಲ? ಅದಕ್ಕೇ ಅವರು ಮುಂದೆ ಬಣ್ಣ-ರುಚಿ ಎಲ್ಲ ಹಾಗೇ ಇದ್ದು ನೈಟ್ರೇಟ್ ಮಾತ್ರ ತೆಗೆದ ರಸ ಮಾಡಿಸಿ, 2011ರಲ್ಲಿ ಒಂಬತ್ತು ಸೈಕಲ್ ಪಟುಗಳ ಮೇಲೆ ತಾಳೆ ನೋಡಿದರು. ನಾಲ್ಕು ಕಿಲೋಮೀಟರಿನ ಸವಾರಿಯಲ್ಲಿ ಉಳಿದದ್ದು ಶೇ 2.8. ಆ ಸವಾರಿ ಹಿಡಿದ ಹೊತ್ತು ಸುಮಾರು ಆರೂವರೆ ನಿಮಿಷ! ನಮ್ಮ ಹುಡುಗರ ಓಟದಷ್ಟೇ. ಉಳಿದದ್ದು ಹತ್ತು-ಹನ್ನೊಂದು ಸೆಕೆಂಡ್.

ಹತ್ತು ಸೆಕೆಂಡ್ ಎಂದರೆ ಖಾಕಿ ಸಿಗುವುದಕ್ಕೂ ತಪ್ಪುವುದಕ್ಕೂ ನಡುವಿನ ಅಂತರವೇ. ಹಾಗಂತ ಬೀಟ್‌ರೂಟ್ ಕೊಚ್ಚಲು ಕೂರುವ ಮುಂಚೆ ಎರಡು ಮಾತು. ಚೆನ್ನಾಗಿ ಪಳಗಿದ, ಮೇಲ್ಮಟ್ಟದ ಓಟಗಾರರಲ್ಲಿ ಇದರ ಫಲ ಸಣ್ಣದಾಗುತ್ತ ಹೋಗುತ್ತದೆ. ಮತ್ತು ಸೊಪ್ಪನ್ನು ಬೇಯಿಸಿದರೆ ನೈಟ್ರೇಟಿನ ಒಂದು ಪಾಲು ನೀರಿಗೆ ಇಳಿಯುತ್ತದೆ. ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ಕೂಡ್ಲಿಗಿ ಸೀಮೆಯ ಮನೆಗಳು ಗೊತ್ತಿದ್ದೋ ಗೊತ್ತಿಲ್ಲದೆಯೋ ಅದನ್ನು ಉಳಿಸಿಕೊಂಡಿವೆ.

ಅಶ್ವಗಂಧದ ಹೆಸರೂ ಇತ್ತೀಚೆಗೆ ಜೋರಾಗಿದೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯದಲ್ಲಿ ಸೈಕಲ್ ಪಟುಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ಒಳ್ಳೆಯ ಫಲ ತೋರಿಸಿದೆ. ಆದರೆ ಇಂಥ ಪ್ರಯೋಗಗಳೆಲ್ಲ ಸಣ್ಣವು. ಅವುಗಳ ಭರವಸೆಯಲ್ಲಿ ಸಾಲ ಮಾಡಿ ಡಬ್ಬಿ ತರುವಷ್ಟು ಗಟ್ಟಿ ನೆಲ ಅಲ್ಲಿಲ್ಲ.

ಕೊಟ್ಟೂರಿನ ದಾರಿ, ಮೈಲಾರದ ಬಿಲ್ಲು

ದಮ್ಮಿನ ನಿಜವಾದ ಪ್ರಯೋಗಶಾಲೆ ನೋಡಬೇಕೆಂದರೆ ಮಾಘದಲ್ಲಿ ಕೊಟ್ಟೂರಿಗೆ ಬನ್ನಿ. ಗುರು ಬಸವೇಶ್ವರನ ತೇರಿಗೆ ದಾವಣಗೆರೆ ಸೀಮೆಯಿಂದ ಅಣಜಿ, ಉಚ್ಚಂಗಿದುರ್ಗದ ದಾರಿ ಹಿಡಿದು ಸಾಲುಗಟ್ಟಿ ಜನ ನಡೆದು ಬರುತ್ತಾರೆ. ಬರಿಗಾಲಿನವರು, ಪ್ಲಾಸ್ಟಿಕ್ ಚಪ್ಪಲಿಯವರು, ಮೊಮ್ಮಗನ ಕೈ ಹಿಡಿದ ಅಜ್ಜಿಯರು, ವರ್ಷವಿಡೀ ಅಂಗಡಿ ಗಲ್ಲಾದ ಮೇಲೆ ಕೂತು ಹೊಟ್ಟೆ ಬೆಳೆಸಿದವರು. ಇವರಲ್ಲಿ ಬಹಳ ಮಂದಿ ಒಂದು ದಿನವೂ ಅಭ್ಯಾಸದ ಓಟ ಓಡಿದವರಲ್ಲ. ಆದರೂ ಮುಟ್ಟುತ್ತಾರೆ. ಹೇಗೆ?

ಒಂದು ಗುಟ್ಟು ನಡಿಗೆಯ ನಿಧಾನದಲ್ಲಿದೆ. ಮೆಲ್ಲಗೆ ನಡೆಯುವಾಗ ಮೈ ಕೊಬ್ಬನ್ನು ಧಾರಾಳವಾಗಿ ಉರಿಸಬಲ್ಲದು, ಕೊಬ್ಬಿನ ದಾಸ್ತಾನು ತೆಳ್ಳಗಿನವನ ಮೈಯಲ್ಲೂ ವಾರಗಟ್ಟಲೆ ಸಾಲುವಷ್ಟಿರುತ್ತದೆ. ಓಟದ ವೇಗ ಏರಿದಂತೆ ಮೈ ಗ್ಲೈಕೋಜನ್ ಎಂಬ ಗಂಜಿಯ ದಾಸ್ತಾನಿಗೆ ಕೈ ಹಾಕುತ್ತದೆ. ಅದು ಸ್ನಾಯು-ಯಕೃತ್ತು ಎಲ್ಲ ಸೇರಿ ನಾನೂರು-ಐನೂರು ಗ್ರಾಂ, ಅಷ್ಟೇ. ಇನ್ನೊಂದು ಗುಟ್ಟು ದಾರಿಬದಿಯಲ್ಲಿದೆ. ಹಳ್ಳಿ ಹಳ್ಳಿಯಲ್ಲೂ ಪೆಂಡಾಲು ಹಾಕಿ ಮಂಡಕ್ಕಿ, ಮಿರ್ಚಿ, ಚಿತ್ರಾನ್ನ, ಬಾಳೆಹಣ್ಣು, ಪಾನಕ, ಮಜ್ಜಿಗೆ ಹಿಡಿದು ನಿಂತಿರುತ್ತಾರೆ, ತಗೊಳ್ಳದೆ ಮುಂದೆ ಹೋದರೆ ಬೇಸರ ಮಾಡಿಕೊಳ್ಳುತ್ತಾರೆ. ಗಂಟೆಗಟ್ಟಲೆ ನಡೆಯುವ ದಣಿವಿಗೆ ಕ್ರೀಡಾ ವಿಜ್ಞಾನ ಬರೆದುಕೊಡುವ ಚೀಟಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ, ಜತೆಗೆ ನೀರು, ಉಪ್ಪು. ಒಂದು ಬಾಳೆಹಣ್ಣು, ಒಂದು ಲೋಟ ಬೆಲ್ಲದ ಪಾನಕ, ಮೇಲೊಂದು ಲೋಟ ಉಪ್ಪು ಹಾಕಿದ ಮಜ್ಜಿಗೆ: ಚೀಟಿಯಲ್ಲಿರುವುದೆಲ್ಲ ಆಯಿತು. ಮಿರ್ಚಿ ಮಾತ್ರ ನಾಲಿಗೆಯ ಸಂತೋಷಕ್ಕೆ.

ಈ ಚೀಟಿ ಬರೆಯಲು ಪಾಶ್ಚಾತ್ಯರಿಗೆ ನಲವತ್ತು ವರ್ಷ ಹಿಡಿಯಿತು. 1924ರಲ್ಲಿ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ತೆಗೆದು ನೋಡಿದ ವೈದ್ಯರಿಗೆ ಹಲವರಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದದ್ದು ಕಂಡಿತು. ಮರುವರ್ಷ ಓಟದ ನಡುವೆ ಮಿಠಾಯಿ ಕೊಟ್ಟರು, ಓಟಗಾರರು ಚೇತರಿಸಿಕೊಂಡರು. 1967ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್, ಹುಲ್ಟ್‌ಮನ್ ಮತ್ತು ಸಂಗಡಿಗರು ಸೂಜಿಯಿಂದ ತೊಡೆಯ ಸ್ನಾಯುವಿನ ಚೂರು ತೆಗೆದು ಅಳೆದರು. ಅದೇ ಜನ, ಅದೇ ಸೈಕಲ್. ಸಾಮಾನ್ಯ ಊಟ ಮಾಡಿದಾಗ 114 ನಿಮಿಷ ತುಳಿದರು, ಪಿಷ್ಟ ಬಿಟ್ಟು ಕೊಬ್ಬು-ಮಾಂಸವನ್ನಷ್ಟೇ ತಿಂದಾಗ 57, ಪಿಷ್ಟ ಹೆಚ್ಚಿಸಿದಾಗ 167. ದಮ್ಮಿನ ಕುರಿತು ಇದಕ್ಕಿಂತ ದೊಡ್ಡ ಅಂತರ ತೋರಿದ ಡಬ್ಬಿ ನಾನು ಕೇಳಿಲ್ಲ. ಅನ್ನ-ರೊಟ್ಟಿ ಬಿಟ್ಟು ಬರೀ ಮೊಟ್ಟೆಯ ಬಿಳಿ, ಪೌಡರು ಎಂದು ಕೂತಿರುವ ಹುಡುಗರು ಈ ಮೂರು ಅಂಕಿಗಳನ್ನು ಜಿಮ್ಮಿನ ಗೋಡೆಗೆ ಬರೆದುಕೊಳ್ಳಬಹುದು. ಆರೂವರೆ ನಿಮಿಷದ ಓಟದ ನಡುವೆ ಏನೂ ತಿನ್ನಬೇಕಿಲ್ಲ. ದಿನಾ ಅಭ್ಯಾಸಕ್ಕೆ ಇಳಿಯುವವನಿಗೆ ಮಾತ್ರ ತಟ್ಟೆಯಲ್ಲಿ ಜೋಳ ಇರಲೇಬೇಕು.

ಅದೇ ಮಾಘದಲ್ಲಿ, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಇದಕ್ಕೆ ಪೂರಾ ಎದುರಾದ ದೃಶ್ಯ. ಭಾರತ ಹುಣ್ಣಿಮೆಯಾದ ಮೇಲೆ ಡೆಂಕಣಮರಡಿಯಲ್ಲಿ ಸೇರಿದ ಲಕ್ಷಾಂತರ ಜನ ಒಮ್ಮೆಗೇ ಉಸಿರು ಹಿಡಿಯುತ್ತಾರೆ, ಕಾರ್ಣಿಕದ ಭವಿಷ್ಯ ನುಡಿಯುವ ಗೊರವಯ್ಯ ಬಿಲ್ಲು ಏರುತ್ತಾನೆ. ಅದಕ್ಕೂ ಮುಂಚೆ ಆತನದು ಹನ್ನೊಂದು ದಿನದ ಉಪವಾಸ ವ್ರತ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಉಪವಾಸದ ಮೊದಲ ಒಂದೆರಡು ದಿನದಲ್ಲೇ ಯಕೃತ್ತಿನ ಗಂಜಿ ಬರಿದಾಗುತ್ತದೆ, ಆಮೇಲೆ ಮೈ ಕೊಬ್ಬಿನ ಮೇಲೆ ಬದುಕುತ್ತದೆ. ಅಂಥ ಮೈಗೆ ಮೂರು ಮೈಲಿ ಓಡು ಎಂದರೆ ಆಗದು. ಆದರೆ ಬಿಲ್ಲು ಹತ್ತುವುದು ಕೆಲವೇ ಕ್ಷಣದ ಕೆಲಸ. ಸ್ನಾಯು ತನ್ನೊಳಗೇ ಇಟ್ಟುಕೊಂಡ ಕಿರುದಾಸ್ತಾನಿನಿಂದಲೇ ನಡೆದುಹೋಗುತ್ತದೆ. ಭಕ್ತರು ಇದನ್ನು ಮೈಲಾರಲಿಂಗನ ಶಕ್ತಿ ಎನ್ನುತ್ತಾರೆ. ನಾನು ಆ ವಾದಕ್ಕೆ ಇಳಿಯುವುದಿಲ್ಲ. ಮೈಯ ದಾಸ್ತಾನು ಒಂದಲ್ಲ, ಹಲವು, ಒಂದೊಂದು ಕೆಲಸಕ್ಕೆ ಒಂದೊಂದು ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಬೇರೆಡೆ ಸಿಗಲಿಕ್ಕಿಲ್ಲ.

‘ರಕ್ತ ಕಮ್ಮಿ’

ಈಗ ಯಾವ ಜಾಹೀರಾತೂ ಇಲ್ಲದ ಸಪ್ಲಿಮೆಂಟಿನ ಮಾತು. ಅದರ ಬಣ್ಣ ನೀಲಿ, ಬೆಲೆ ಸೊನ್ನೆ. ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದರಂತೆ ಮಧ್ಯಾಹ್ನದ ಊಟವಾದ ಮೇಲೆ ಮೇಷ್ಟ್ರು ಎಣಿಸಿ ಕೊಡುವ ಕಬ್ಬಿಣಾಂಶದ ಗುಳಿಗೆ: 60 ಮಿಲಿಗ್ರಾಂ ಕಬ್ಬಿಣ, ಜತೆಗೆ ಫೋಲಿಕ್ ಆಮ್ಲ. ಚಿಕ್ಕ ಮಕ್ಕಳಿಗೆ 45 ಮಿಲಿಗ್ರಾಮಿನ ಗುಲಾಬಿ ಬಣ್ಣದ್ದು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಮಕ್ಕಳು ಅದನ್ನು ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು ಆಚೆ ಹೋಗಿ ಉಗುಳುವುದು ಎಲ್ಲ ಮೇಷ್ಟ್ರಿಗೂ ಗೊತ್ತಿರುವ ಸಂಗತಿ.

ಆ ಕಬ್ಬಿಣದಿಂದಲೇ ಮೈ ರಕ್ತದ ಹಿಮೋಗ್ಲೋಬಿನ್ ಕಟ್ಟುವುದು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಹೆಣ್ಣುಮಗಳೊಬ್ಬಳ ಹಿಮೋಗ್ಲೋಬಿನ್ 12ರಿಂದ 9ಕ್ಕೆ ಇಳಿದರೆ ಪ್ರತಿ ಲೋಟ ರಕ್ತ ಹೊರುವ ಆಮ್ಲಜನಕದಲ್ಲಿ ಕಾಲು ಭಾಗ ಹೋಯಿತು. ಬೀಟ್‌ರೂಟ್ ಕೊಡುವ ಶೇ 2.8ರ ಪಕ್ಕದಲ್ಲಿ ಈ ಕಾಲು ಭಾಗವನ್ನು ಇಟ್ಟು ನೋಡಿ. ಹೃದಯ ಜೋರಾಗಿ ಬಡಿದು ಸ್ವಲ್ಪ ತುಂಬಿಕೊಡುತ್ತದೆ, ಪೂರ್ತಿಯಲ್ಲ. ‘ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರ್ತೈತಿ’ ಎನ್ನುವ ನಮ್ಮ ಹೆಣ್ಣುಮಕ್ಕಳ ದೂರು ಇದರದ್ದೇ.

ಈ ವಿಷಯದಲ್ಲಿ ಪುರಾವೆ ಬಂದದ್ದು ಒಲಿಂಪಿಕ್ ಕ್ರೀಡಾಂಗಣದಿಂದಲ್ಲ, ದುಡಿಯುವವರ ಮೈಯಿಂದ. 1970ರ ದಶಕದಲ್ಲಿ ಶ್ರೀಲಂಕಾದ ಚಹಾ ತೋಟದ ಹೆಂಗಸರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಹಿಮೋಗ್ಲೋಬಿನ್ ಇಳಿದಷ್ಟೂ ಅವರು ಬೇಗ ಸೋತರು. 1979ರಲ್ಲಿ ಪ್ರಕಟವಾದ ಇಂಡೊನೇಷ್ಯದ ಅಧ್ಯಯನದಲ್ಲಿ ರಬ್ಬರ್ ಹಾಲು ಇಳಿಸುವ ಕೂಲಿಗಳಿಗೆ ಅರವತ್ತು ದಿನ ದಿನಕ್ಕೆ 100 ಮಿಲಿಗ್ರಾಂ ಕಬ್ಬಿಣ ಕೊಟ್ಟರು. ರಕ್ತ ಕಮ್ಮಿ ಇದ್ದವರು ದಮ್ಮಿನ ಪರೀಕ್ಷೆಯಲ್ಲಿ ಸುಧಾರಿಸಿದ್ದಷ್ಟೇ ಅಲ್ಲ, ಅವರ ದುಡಿಮೆಯೂ ಏರಿತು. ಗುಳೆ ಹೋಗಿ ಕಬ್ಬು ಕಡಿಯುವ, ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ನಮ್ಮವರಿಗೆ ಈ ಕಥೆ ದೂರದ್ದೇನಲ್ಲ.

ನಮ್ಮ ರಾಜ್ಯದ್ದೇ ಒಂದು ಅಧ್ಯಯನವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಮಾರಿಯೊ ವಾಝ್, ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಏಳರಿಂದ ಹತ್ತೂವರೆ ವರ್ಷದ ಶಾಲಾಮಕ್ಕಳಿಗೆ ಸುಮಾರು ನಾಲ್ಕು ತಿಂಗಳು ಕಬ್ಬಿಣ, ಜೀವಸತ್ವಗಳೆಲ್ಲ ಸೇರಿದ ಪೇಯ ಕುಡಿಸಿದರು. ಹೋಲಿಕೆಗೆ ಇನ್ನೊಂದು ಗುಂಪಿಗೆ ಅವು ಇಲ್ಲದ ಅಂಥದ್ದೇ ಪೇಯ. 2011ರಲ್ಲಿ ಹೊರಬಂದ ಫಲಿತಾಂಶದಲ್ಲಿ ಮೊದಲ ಗುಂಪಿನ ಮಕ್ಕಳ ಆಮ್ಲಜನಕ ಬಳಸುವ ಶಕ್ತಿಯೂ ದಣಿವು ತಡೆಯುವ ಶಕ್ತಿಯೂ ಏರಿತ್ತು. ಇವರು ಕಾಯಿಲೆ ಬಿದ್ದ ಮಕ್ಕಳಲ್ಲ, ಆಡಿಕೊಂಡಿದ್ದ ಆರೋಗ್ಯವಂತ ಮಕ್ಕಳು.

ಇನ್ನೊಂದು ನಮ್ಮ ತಟ್ಟೆಗೇ ಹತ್ತಿರ. ಮಹಾರಾಷ್ಟ್ರದ ಆಗಿನ ಅಹ್ಮದ್‌ನಗರ ಜಿಲ್ಲೆಯ ವಸತಿ ಶಾಲೆಗಳಲ್ಲಿ 12ರಿಂದ 16 ವರ್ಷದ 246 ಮಕ್ಕಳಿಗೆ ಆರು ತಿಂಗಳು ದಿನಕ್ಕೆರಡು ಹೊತ್ತು ಸಜ್ಜೆ ರೊಟ್ಟಿ. ಅರ್ಧ ಮಕ್ಕಳಿಗೆ ಮಾಮೂಲಿ ಸಜ್ಜೆ, ಅರ್ಧ ಮಕ್ಕಳಿಗೆ ಕಬ್ಬಿಣಾಂಶ ಹೆಚ್ಚಿರುವ, ಹೈದರಾಬಾದ್ ಬಳಿಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಅಭಿವೃದ್ಧಿಪಡಿಸಿದ, ಈಗ ‘ಧನಶಕ್ತಿ’ ಎಂಬ ಹೆಸರಿನ ತಳಿ. ಕಬ್ಬಿಣದ ಕೊರತೆ ಇದ್ದ ಮಕ್ಕಳಲ್ಲಿ ಆ ಕೊರತೆ ನೀಗುವ ಸಾಧ್ಯತೆ ಎರಡನೇ ಗುಂಪಿನಲ್ಲಿ ಶೇ 64ರಷ್ಟು ಹೆಚ್ಚಿತ್ತು. ಆ ಮಕ್ಕಳ ಮೈಗೆ ಚಲನೆ ಅಳೆಯುವ ಸಣ್ಣ ಯಂತ್ರವನ್ನೂ ಕಟ್ಟಿದ್ದರು. ಅದರ ಲೆಕ್ಕ 2022ರಲ್ಲಿ ಪ್ರಕಟವಾಯಿತು. ಕಬ್ಬಿಣದ ಸಜ್ಜೆ ತಿಂದವರು ಕೂರುವ ಹೊತ್ತು ಕಡಿಮೆಯಾಗಿ ಓಡಾಟ ಹೆಚ್ಚಿತ್ತು. ಮಕ್ಕಳಿಗೆ ಯಾರೂ ಓಡಾಡಿ ಎಂದು ಹೇಳಿರಲಿಲ್ಲ!

ಸಜ್ಜೆ, ಜೋಳ ತಿನ್ನುವವರಿಗೆ ಒಂದು ತೊಡಕೂ ಇದೆ. ಈ ಕಾಳುಗಳಲ್ಲಿರುವ ಫೈಟೇಟ್ ಎಂಬುದು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹುಳಿ ಬರಿಸಿದರೆ ಅದರ ಹಿಡಿತ ಸಡಿಲ. ಹಳೆಯ ಅಂಬಲಿಯ ಲಾಭ ಅಲ್ಲಿದೆ. ನಿಂಬೆಹುಳಿ, ನೆಲ್ಲಿಕಾಯಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತವೆ. ಚಹಾ ಇದಕ್ಕೆ ತದ್ವಿರುದ್ಧ. ಊಟದ ಜತೆಗೆ, ಇಲ್ಲವೇ ಊಟದ ಬೆನ್ನಿಗೇ ಕುಡಿದ ಚಹಾ ಕಾಳು-ಸೊಪ್ಪಿನ ಕಬ್ಬಿಣವನ್ನು ಅರ್ಧಕ್ಕಿಂತ ಹೆಚ್ಚು ತಡೆಯಬಲ್ಲದು. ಓಟಕ್ಕೆ ಮುಂಚೆ ದಮ್ಮು ಕೊಡುವ ಅದೇ ಚಹಾ ಊಟದ ಮೇಲೆ ದಮ್ಮು ಕದಿಯುತ್ತದೆ ಎಂದರೆ ಚಹಾಪ್ರಿಯನಾದ ನನಗೂ ಬೇಸರವೇ. ಊಟಕ್ಕೂ ಚಹಾಕ್ಕೂ ನಡುವೆ ಗಂಟೆ-ಒಂದೂವರೆ ಗಂಟೆ ಬಿಡುವುದು ಸದ್ಯದ ರಾಜಿ.

ರಕ್ತ ಕಮ್ಮಿಯ ಅಂಕಿಗಳ ಬಗ್ಗೆ ಜಗಳವೂ ಇದೆ, ಅದನ್ನು ಮುಚ್ಚಿಡಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಶೇ 44.8 ಇತ್ತು. ಆದರೆ ಬೆರಳು ಚುಚ್ಚಿ ಹಿಂಡಿದ ಹನಿಯ ಲೆಕ್ಕ ನಂಬುವಂಥದ್ದೇ, ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ನಮ್ಮ ಮಕ್ಕಳಿಗೆ ಹೊಂದುತ್ತದೆಯೇ ಎಂದು ಪ್ರಶ್ನಿಸಿದವರಲ್ಲಿ ಅದೇ ಕುರ್ಪಾಡ್ ಮತ್ತು ಅವರ ಸಹೋದ್ಯೋಗಿಗಳೂ ಇದ್ದಾರೆ. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದಲ್ಲ. ಬಿ12, ಫೋಲೇಟ್ ಕೊರತೆಯೂ, ಪದೇಪದೇ ಬರುವ ಸೋಂಕೂ ಕಾರಣ. ಕಬ್ಬಿಣ ಬೇಡದ ಮೈಗೆ ಕಬ್ಬಿಣ ಸುರಿದರೆ ಹಾನಿ. ಹಾಗಾಗಿ ಗುಳಿಗೆಗೆ ಮುಂಚೆ ರಕ್ತ ಪರೀಕ್ಷೆ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಟ್ರ್ಯಾಕಿನ ಪಕ್ಕದ ಸಲಹೆಗಾರರು ಹೇಳುವುದಿಲ್ಲ.

ಅಷ್ಟೆಲ್ಲ ಆದ ಮೇಲೂ ನನ್ನ ತೀರ್ಮಾನ ಬದಲಾಗಿಲ್ಲ. ದಮ್ಮಿಗೆಂದು ತಿನ್ನುವ ಯಾವುದೇ ವಸ್ತು ಮೈಯಲ್ಲಿ ಕೊರತೆ ಇದ್ದ ಕಡೆ ಎದ್ದು ಕಾಣುವಂತೆ ಕೆಲಸ ಮಾಡುತ್ತದೆ; ತುಂಬಿದ ಮೈಯಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ. ನಮ್ಮ ಐದು ತಾಲ್ಲೂಕಿನಲ್ಲಿ ಕೊರತೆ ಇರುವುದು ರಕ್ತದಲ್ಲಿ, ತಟ್ಟೆಯಲ್ಲಿ. ದುಡ್ಡು ಹೋಗುತ್ತಿರುವುದು ಕರಿ ಡಬ್ಬಿಗೆ.

ಡಬ್ಬಿಯೊಳಗೆ ಹೇಳಿದ್ದೇ ಇದೆಯೇ ಎಂಬುದೂ ಅನುಮಾನ. ಕೇರಳದ ವೈದ್ಯರ ತಂಡವೊಂದು 2024ರಲ್ಲಿ ದೇಶದಲ್ಲಿ ಮಾರುವ 36 ಪ್ರೋಟೀನ್ ಪೌಡರುಗಳನ್ನು ಪರೀಕ್ಷಿಸಿ, 25ರಲ್ಲಿ ಲೇಬಲ್ಲಿನ ಪ್ರೋಟೀನ್ ಲೆಕ್ಕ ತಾಳೆಯಾಗುವುದಿಲ್ಲ ಎಂದಿತು. ಕೆಲವದರಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್, ಕೆಲವದರಲ್ಲಿ ಕೀಟನಾಶಕ. ಅಫ್ಲಾಟಾಕ್ಸಿನ್ ಹೆಸರು ಶೇಂಗಾ ಬೆಳೆಯುವವರಿಗೆ ಹೊಸದಲ್ಲ, ತೇವದಲ್ಲಿ ಒಟ್ಟಿದ ಕಾಯಿಗೆ ಬರುವುದೂ ಅದೇ. ಡಬ್ಬಿಯಿಂದ ಮುಂದಿನ ಹೆಜ್ಜೆ ಸೂಜಿ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ಉದ್ದೀಪನ ಮದ್ದು ಪರೀಕ್ಷಕರು ಬಂದರೆಂಬ ಸುದ್ದಿ ಹಬ್ಬಿದ್ದೇ, ನೂರು ಮೀಟರಿನ ಫೈನಲ್ಲಿನಲ್ಲಿ ಓಡಲು ಉಳಿದವನು ಒಬ್ಬನೇ. ಶೌಚಾಲಯದಲ್ಲಿ ಸಿರಿಂಜುಗಳು ಬಿದ್ದಿದ್ದವು.

ಶೇಂಗಾದ ಮಾತು ಬಂತಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾದ ಮೇಲೆ ಬಡವರಿಗೆಂದು ರೂಪಿಸಿದ ‘ಮಲ್ಟಿಪರ್ಪಸ್ ಫುಡ್’ ಎಂಬ ಪುಡಿಯಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ. ಪ್ರೋಟೀನ್ ಪೌಡರ್ ಎಂಬುದನ್ನು ನಮ್ಮವರು ಎಪ್ಪತ್ತು ವರ್ಷದ ಹಿಂದೆಯೇ ನಮ್ಮ ಹೊಲದ ಕಾಳಿನಿಂದ ಮಾಡಿದ್ದರು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಶೇಂಗಾ-ಬೆಲ್ಲದ ಉಂಡಿ, ಒಣಗಿದ ಶುದ್ಧ ಕಾಯಿಯದ್ದಾದರೆ, ಅಭ್ಯಾಸ ಮುಗಿಸಿದವನ ಕೈಗೆ ಕೊಡಬಹುದಾದ ಒಳ್ಳೆಯ ತಿನಿಸು. ಶಾಲೆಗಳಲ್ಲಿ ಮೊಟ್ಟೆ ಬೇಡವೆಂದ ಮಕ್ಕಳಿಗೆ ಬಾಳೆಹಣ್ಣಿನ ಬದಲು ಇದೇ ಶೇಂಗಾ ಚಿಕ್ಕಿಯನ್ನೂ 2025ರವರೆಗೆ ಕೊಡುತ್ತಿದ್ದರು. 2013ರಿಂದ ಹಾಲು, 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆಯಿಂದ ಶುರುವಾದ ಮೊಟ್ಟೆ, 2024ರಿಂದ ರಾಗಿ ಮಾಲ್ಟ್: ಶಾಲೆಯ ತಟ್ಟೆ ನಿಧಾನಕ್ಕೆ ತುಂಬುತ್ತಿದೆ.

ತೊಂದರೆ ಶುರುವಾಗುವುದು ಶಾಲೆ ಬಿಟ್ಟ ಮೇಲೆ. 2018ರಲ್ಲಿ ಕೇಂದ್ರ ಸರ್ಕಾರ ತಂದ ‘ಅನೀಮಿಯಾ ಮುಕ್ತ ಭಾರತ’ದ ಪಟ್ಟಿಯಲ್ಲಿ ಮಕ್ಕಳಿದ್ದಾರೆ, 10ರಿಂದ 19ರ ಹುಡುಗ-ಹುಡುಗಿಯರಿದ್ದಾರೆ, ಗರ್ಭಿಣಿ-ಬಾಣಂತಿಯರಿದ್ದಾರೆ, 20ರಿಂದ 49ರ ಹೆಂಗಸರೂ ಇದ್ದಾರೆ. ಆದರೆ ಪೊಲೀಸ್ ಓಟಕ್ಕೆ ತಯಾರಾಗುವ ಇಪ್ಪತ್ತೊಂದರ ಹುಡುಗಿಗೆ ಆ ವಾರದ ಗುಳಿಗೆ ಸಿಗಬೇಕಾದರೆ ತಾನೇ ಉಪಕೇಂದ್ರಕ್ಕೆ ಹೋಗಿ ಕೇಳಬೇಕು, ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಹಿಡಿಯಬೇಕು. ಇಪ್ಪತ್ತು ದಾಟಿದ ಹುಡುಗ ಆ ಪಟ್ಟಿಯಲ್ಲೇ ಇಲ್ಲ, ಗಂಡಸರಲ್ಲೂ ಹೆಚ್ಚುಕಡಿಮೆ ಐವರಲ್ಲಿ ಒಬ್ಬನಿಗೆ ರಕ್ತ ಕಮ್ಮಿ ಎಂದು ಅದೇ ಸಮೀಕ್ಷೆ ಹೇಳಿದ್ದರೂ.

ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಇಳಿದ ಹಿಮೋಗ್ಲೋಬಿನ್ ವೈದ್ಯರ ಚೀಟಿಯಂತೆ ಗುಳಿಗೆ ತಗೊಂಡರೆ ಎರಡು-ಮೂರು ತಿಂಗಳಿನಲ್ಲಿ ಮೇಲೆ ಬರುತ್ತದೆ. ಓಟದ ಹಿಂದಿನ ವಾರ ನುಂಗಿದರೆ ಏನೂ ಬರುವುದಿಲ್ಲ. ಅಭ್ಯಾಸದ ಲೆಕ್ಕವೂ ಹಾಗೆಯೇ ತಿಂಗಳುಗಳದ್ದು, ಅದರ ಫಲವೂ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕ-ಕೆನಡಾಗಳಲ್ಲಿ ನೂರಾರು ಜನರನ್ನು ಇಪ್ಪತ್ತು ವಾರ ಪಳಗಿಸಿ ನೋಡಿದ ‘ಹೆರಿಟೇಜ್’ ಅಧ್ಯಯನದಲ್ಲಿ ಕೆಲವರ ಆಮ್ಲಜನಕ ಬಳಸುವ ಶಕ್ತಿ ನಿಮಿಷಕ್ಕೆ ಲೀಟರಿಗೂ ಮಿಕ್ಕಿ ಏರಿತು, ಕೆಲವರದು ಅಲುಗಲೇ ಇಲ್ಲ. ಅರ್ಜಿ ಹಾಕಿದ ವಾರವೇ ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡರೆ, ಲಿಖಿತ ಪರೀಕ್ಷೆ ಮುಗಿದು ದೈಹಿಕ ಪರೀಕ್ಷೆಗೆ ಕರೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಆ ಎರಡು-ಮೂರು ತಿಂಗಳ ಕಾಲಾವಕಾಶ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಲ್ಯಾಬು ಬೆಳಿಗ್ಗೆಯೇ ತೆರೆಯುತ್ತದೆ. ಆಧಾರ್ ಕಾರ್ಡು ಜೇಬಿನಲ್ಲಿರಲಿ.